ಮನೆಯಲ್ಲೇ ಗರ್ಭಧಾರಣೆ ಪರೀಕ್ಷೆ: ಯಾವಾಗ, ಹೇಗೆ, ಆಮೇಲೇನು?

ರಾಯಚೂರು: ಮುಟ್ಟಿನ ದಿನ ಮುಂದೆ ಹೋದಾಗ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆಗೆ ಇಂದು ಮನೆಯಲ್ಲೇ, ಐದು ನಿಮಿಷಗಳಲ್ಲಿ ಉತ್ತರ ದೊರೆಯುತ್ತದೆ. ರಾಯಚೂರು ನಗರದಲ್ಲಿರುವವರು ಗರ್ಭಧಾರಣೆ ಪರೀಕ್ಷಾ ಕಿಟ್ಟನ್ನು ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಕೊಳ್ಳಬಹುದು. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಯವರು ಅದಕ್ಕಾಗಿ ಪೇಟೆಗೆ ಬರಬೇಕಿಲ್ಲ. ಕೇಂದ್ರ ಸರ್ಕಾರವು ಗ್ರಾಮೀಣ ಆರೋಗ್ಯ ಅಭಿಯಾನದಡಿ 2008ರಲ್ಲಿ ಆರಂಭಿಸಿದ ವ್ಯವಸ್ಥೆಯಂತೆ ಉಪಕೇಂದ್ರ ಹಾಗೂ ಆಶಾ ಕಾರ್ಯಕರ್ತೆಯರ ಮೂಲಕ 'ನಿಶ್ಚಯ್' ಕಿಟ್ಟನ್ನು ಉಚಿತವಾಗಿ ಒದಗಿಸಲಾಗುತ್ತದೆ. ಆದರೆ ಸರಿಯಾದ ಉತ್ತರ ಬೇಕಿದ್ದರೆ ಸರಿಯಾದ ದಿನ, ಸರಿಯಾದ ಕ್ರಮದಲ್ಲಿ ಪರೀಕ್ಷೆ ಮಾಡಬೇಕು.

ಪರೀಕ್ಷೆಯ ತಿರುಳು

ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ಬಳಿಕ ಎಚ್‌ಸಿಜಿ ಎಂಬ ಹಾರ್ಮೋನು ತಾಯಿಯ ರಕ್ತವನ್ನು ಸೇರಿ, ಮೂತ್ರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆರಂಭದ ವಾರಗಳಲ್ಲಿ ಎರಡು-ಮೂರು ದಿನಗಳಿಗೊಮ್ಮೆ ಅದರ ಪ್ರಮಾಣ ಸುಮಾರು ಇಮ್ಮಡಿಯಾಗುತ್ತದೆ. ಕಿಟ್ಟಿನ ಪಟ್ಟಿ ಗುರುತಿಸುವುದು ಇದೊಂದನ್ನೇ. ಆದ್ದರಿಂದ ಮುಟ್ಟಿನ ದಿನ ಬರುವ ಮುನ್ನವೇ ಪರೀಕ್ಷಿಸಿದರೆ ಗರ್ಭವಿದ್ದರೂ 'ಇಲ್ಲ' ಎಂಬ ಫಲಿತಾಂಶ ಬರಬಹುದು. ಮುಟ್ಟು ತಪ್ಪಿದ ಮೇಲೆ, ಸಾಧ್ಯವಾದರೆ ಒಂದು ವಾರ ಕಳೆದ ಬಳಿಕ ಪರೀಕ್ಷಿಸುವುದು ಹೆಚ್ಚು ವಿಶ್ವಾಸಾರ್ಹ. ಸಕ್ಕರೆ, ಉಪ್ಪು, ಟೂತ್‌ಪೇಸ್ಟ್ ಬೆರೆಸಿ ನೋಡುವ ಪದ್ಧತಿಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ.

ಪರೀಕ್ಷೆಯ ಕ್ರಮ

ಮೊದಲು ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ನೋಡಿ. ಬೆಳಗ್ಗೆ ಎದ್ದೊಡನೆಯ ಮೂತ್ರವನ್ನು ಒಣಗಿದ ಶುಭ್ರ ಪಾತ್ರೆಯಲ್ಲಿ ಹಿಡಿಯಿರಿ. ಪೊಟ್ಟಣವನ್ನು ಆಗಲೇ ಒಡೆದು, ಕಿಟ್ಟನ್ನು ಸಮತಟ್ಟಾದ ಜಾಗದಲ್ಲಿಡಿ. ಜೊತೆಗಿರುವ ಪುಟ್ಟ ಪಿಪೆಟ್ಟಿನಿಂದ, ಸೂಚನಾ ಪತ್ರದಲ್ಲಿ ಹೇಳಿದಷ್ಟು (ಸಾಮಾನ್ಯವಾಗಿ ಎರಡು-ಮೂರು) ಹನಿಗಳನ್ನು ಕುಳಿಯೊಳಗೆ ಬಿಡಿ. ಐದು ನಿಮಿಷ ಕಾಯಿರಿ.

'ಸಿ' ಮತ್ತು 'ಟಿ' ಎರಡರಲ್ಲೂ ಗೆರೆ ಮೂಡಿದರೆ ಗರ್ಭ ನಿಂತಿರುವ ಸೂಚನೆ. ನಿಗದಿತ ಸಮಯದೊಳಗೆ ಮೂಡಿದ 'ಟಿ' ಗೆರೆ ಮಸುಕಾಗಿದ್ದರೂ ಅದನ್ನು 'ಹೌದು' ಎಂದೇ ಭಾವಿಸಿ, ಖಚಿತಪಡಿಸಿಕೊಳ್ಳಬೇಕು. 'ಸಿ' ಗೆರೆ ಮಾತ್ರ ಇದ್ದರೆ 'ಇಲ್ಲ' ಎಂದರ್ಥ. 'ಸಿ' ಗೆರೆಯೇ ಮೂಡದಿದ್ದರೆ ಆ ಕಿಟ್ ಕೆಟ್ಟಿದೆ, ಹೊಸದನ್ನು ಬಳಸಬೇಕು. ಗಂಟೆಗಟ್ಟಲೆ ಬಿಟ್ಟು ನೋಡಿದಾಗ ಕಾಣುವ ಗೆರೆಯನ್ನು ನಂಬಬಾರದು. 'ಇಲ್ಲ' ಎಂದು ಬಂದರೂ ಮುಟ್ಟಾಗದಿದ್ದರೆ ವಾರದ ನಂತರ ಮತ್ತೆ ಪರೀಕ್ಷಿಸಿ.

ರಾಯಚೂರಿನ ಬಿಸಿಲಿಗೆ ಎಚ್ಚರ

ಬಹುತೇಕ ಕಿಟ್‌ಗಳನ್ನು 30 ಡಿಗ್ರಿ ಸೆಲ್ಸಿಯಸ್ ಮೀರದ ಜಾಗದಲ್ಲಿಡಬೇಕೆಂದು ಪೊಟ್ಟಣದ ಮೇಲೆಯೇ ಮುದ್ರಿಸಿರುತ್ತಾರೆ. ಬೇಸಿಗೆಯಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಮನೆಯ ಮಾಡದಲ್ಲಿ, ವಾಹನದ ಡಿಕ್ಕಿಯಲ್ಲಿ ಬಹುದಿನ ಉಳಿದ ಕಿಟ್ ತಪ್ಪು ಉತ್ತರ ಕೊಡಬಹುದು. ಮುಂಚಿತವಾಗಿ ಕೊಂಡಿಡುವ ಬದಲು ಬೇಕಾದಾಗಲೇ ಪಡೆಯುವುದು ಲೇಸು.

ಎರಡು ಗೆರೆ ಬಂದ ಮೇಲೆ

ಕಿಟ್ ಹೇಳುವುದು ಹಾರ್ಮೋನು ಇದೆ ಎಂಬುದನ್ನಷ್ಟೇ. ಗರ್ಭ ಎಲ್ಲಿ ನಿಂತಿದೆ, ಹೇಗಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಗರ್ಭನಾಳದಲ್ಲಿ ಭ್ರೂಣ ಬೆಳೆಯುವ ಅಪಾಯಕಾರಿ ಸ್ಥಿತಿಯಲ್ಲೂ ಎರಡು ಗೆರೆ ಮೂಡಬಹುದು. ಕೆಳಹೊಟ್ಟೆಯಲ್ಲಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಕಂಡರೆ 108 ಆಂಬುಲೆನ್ಸ್ ಕರೆದು ದೇವದುರ್ಗ ಅಥವಾ ಮಾನ್ವಿಯ ತಾಲ್ಲೂಕು ಆಸ್ಪತ್ರೆಗೆ, ನಗರದವರು ರಿಮ್ಸ್ ಆಸ್ಪತ್ರೆಗೆ ತಡಮಾಡದೆ ಹೋಗಬೇಕು.

ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಮೂಲರೂಪವಾದ ನರನಾಳ ಗರ್ಭ ನಿಂತ ಸುಮಾರು ನಾಲ್ಕು ವಾರಗಳೊಳಗೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧಾರಣೆಗೆ ಮುನ್ನವೇ ಆರಂಭಿಸುವುದು ಉತ್ತಮ. ಆಗಿರದಿದ್ದರೆ ಫಲಿತಾಂಶ ತಿಳಿದ ದಿನದಿಂದಲಾದರೂ ಒಂದು ದಿನವನ್ನೂ ಕಳೆಯಬಾರದು. ಕೊನೆಯ ಮುಟ್ಟಿನ ಮೊದಲ ದಿನವನ್ನು ಬರೆದಿಟ್ಟುಕೊಳ್ಳಿ, ಹೆರಿಗೆಯ ದಿನವನ್ನು ಲೆಕ್ಕ ಹಾಕುವುದು ಅಲ್ಲಿಂದಲೇ. 12 ವಾರಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು.

ದೇವದುರ್ಗ, ಮಾನ್ವಿ ಭಾಗದಿಂದ ಬೆಂಗಳೂರು ಮೊದಲಾದ ಕಡೆಗೆ ಗುಳೆ ಹೋಗುವ ಕುಟುಂಬಗಳಿಗೆ ಈ ಮಾತು ಇನ್ನೂ ಮುಖ್ಯ. ಮುಟ್ಟು ತಪ್ಪಿದ್ದರೆ ಊರು ಬಿಡುವ ಮುನ್ನವೇ ಪರೀಕ್ಷಿಸಿಕೊಂಡು, ತಾಯಿ ಕಾರ್ಡನ್ನು ಜೊತೆಗೊಯ್ಯಬೇಕು. ಇಲ್ಲವಾದರೆ ಕಟ್ಟಡ ಕಾಮಗಾರಿಯ ಶೆಡ್ಡಿನಲ್ಲಿ ತಿಂಗಳುಗಳು ಉರುಳಿ, ರಕ್ತಹೀನತೆ ಹೆರಿಗೆಯ ಹೊಸ್ತಿಲಲ್ಲಿ ಬೆಳಕಿಗೆ ಬರುತ್ತದೆ. ಕಬ್ಬಿಣಾಂಶದ ಮಾತ್ರೆ ಹಾಗೂ ತಪಾಸಣೆಗಳು ಹೋದ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ ದೊರೆಯುತ್ತವೆ.

ಬಸಿರು ಬೇಡವಾದವರೂ ಅಂಗಡಿಯ ಮಾತ್ರೆಯನ್ನು ಗುಟ್ಟಾಗಿ ನುಂಗಬಾರದು; ಅತಿಯಾದ ರಕ್ತಸ್ರಾವ ಜೀವಕ್ಕೇ ಎರವಾಗಬಹುದು. 1971ರ ಗರ್ಭಪಾತ ಕಾಯ್ದೆಯು ನಿಗದಿತ ಕಾರಣಗಳಿಗಾಗಿ ಅರ್ಹ ವೈದ್ಯರಿಂದ, ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಗರ್ಭಪಾತಕ್ಕೆ ಅವಕಾಶ ನೀಡಿದೆ. 2021ರ ತಿದ್ದುಪಡಿಯಂತೆ, ಕಾನೂನಿನ ಅಧಿಕಾರವುಳ್ಳವರಿಗೆ ಹೊರತು ಮಹಿಳೆಯ ಹೆಸರನ್ನು ವೈದ್ಯರು ಬಹಿರಂಗಪಡಿಸುವಂತಿಲ್ಲ.

ಸಿಹಿಸುದ್ದಿಯಾಗಲಿ, ಚಿಂತೆಯ ಸುದ್ದಿಯಾಗಲಿ, ಎರಡು ಗೆರೆಗಳು ಮೂಡಿದ ಮೇಲೆ ಮುಂದಿನ ಹೆಜ್ಜೆ ಒಂದೇ: ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಅದೇ ವಾರ ಕಾಣುವುದು.