ಮಾರ್ಸೆಟ್ ವಿದುಷಿಯೂ ಶಾಸ್ತ್ರಸಂವಾದಗಳೂ

ಶಾಸ್ತ್ರವನ್ನು ಸಂವಾದರೂಪದಿಂದ ಬೋಧಿಸುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಜನಕನ ಸಭೆಯಲ್ಲಿ ಗಾರ್ಗಿಯು ಯಾಜ್ಞವಲ್ಕ್ಯನನ್ನು ಪ್ರಶ್ನಿಸಿದಳು. ಬಾಲಕನಾದ ನಚಿಕೇತನು ಯಮನನ್ನೇ ಪ್ರಶ್ನಿಸಿದನು. ನ್ಯಾಯಶಾಸ್ತ್ರಕಾರರಂತೂ ಶಾಸ್ತ್ರದ ಮಾತುಕತೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆಯಾಗಿ ವಿಂಗಡಿಸಿ, ಗೆಲ್ಲುವ ಛಲವನ್ನು ಬಿಟ್ಟು ತತ್ತ್ವನಿರ್ಣಯಕ್ಕಾಗಿ ನಡೆಯುವುದಕ್ಕೆ ಮಾತ್ರ ವಾದವೆಂಬ ಹೆಸರನ್ನು ಕೊಟ್ಟರು. ಪೂರ್ವಪಕ್ಷವನ್ನು ಬಲವಾಗಿ ಎತ್ತಿ ಹೇಳಲಾರದವನ ಸಿದ್ಧಾಂತಕ್ಕೆ ಪಂಡಿತರ ನಡುವೆ ಬೆಲೆಯಿರಲಿಲ್ಲ. ಯೂರೋಪಿನಲ್ಲಿಯೂ ಪ್ಲೇಟೊ ಮೊದಲುಗೊಂಡು ಈ ಮಾರ್ಗವು ನಡೆದುಬಂದಿತು. 1632ರಲ್ಲಿ ಗೆಲಿಲಿಯೊ ತನ್ನ ಖಗೋಳವಿಚಾರವನ್ನು ಮೂವರ ಸಂಭಾಷಣೆಯಾಗಿಯೇ ಬರೆದನು. ಆದರೆ ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ತುಳಿಯುವ ಅಧಿಕಾರವೇ ಇಲ್ಲದಿದ್ದ ಒಬ್ಬ ಸ್ತ್ರೀಯು ತನ್ನ ಕಾಲದ ವಿದ್ವಾಂಸರ ಮಾತುಗಳನ್ನು ಕೇಳಿ, ಮರುಪ್ರಶ್ನೆ ಹಾಕಿ, ರಸಾಯನಶಾಸ್ತ್ರ ಅರ್ಥಶಾಸ್ತ್ರಗಳೆರಡನ್ನೂ ಮನೆಮನೆಗೆ ಮುಟ್ಟಿಸಿದ ಚರಿತ್ರೆಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆಕೆಯೇ ಜೇನ್ ಮಾರ್ಸೆಟ್.

ಈಕೆ 1769ನೆಯ ಇಸವಿ ಜನವರಿ 1ನೆಯ ತಾರೀಖು ಲಂಡನ್ನಿನಲ್ಲಿ ಜನಿಸಿದಳು. ತಂದೆ ಹಾಲ್ಡಿಮಂಡ್ ಎಂಬಾತನು ಸ್ವಿಟ್ಜರ್ಲೆಂಡ್ ಮೂಲದ ಸಿರಿವಂತ ವರ್ತಕ. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತ, ಸ್ವಲ್ಪ ಫ್ರೆಂಚು ಸಾಕೆಂದು ಜನರು ಎಣಿಸುತ್ತಿದ್ದ ಕಾಲದಲ್ಲಿ, ಆ ಮನೆಯಲ್ಲಿ ಮಗಳಿಗೂ ಸಹೋದರರೊಡನೆ ಪಾಠ ನಡೆಯಿತು. ಹದಿನೈದು ವರ್ಷಕ್ಕೇ ತಾಯಿ ತೀರಿಕೊಂಡುದರಿಂದ ಮನೆವಾರ್ತೆಯ ಭಾರವೂ, ಅತಿಥಿಗಳನ್ನು ಸತ್ಕರಿಸುವ ಕೆಲಸವೂ ಆಕೆಯ ಪಾಲಿಗೆ ಬಂದುವು. 1799ರಲ್ಲಿ ಅಲೆಕ್ಸಾಂಡರ್ ಮಾರ್ಸೆಟ್ ಎಂಬ ವೈದ್ಯನೊಡನೆ ವಿವಾಹವಾಯಿತು. ಆತನು ವೃತ್ತಿಯಿಂದ ವೈದ್ಯನಾದರೂ ಆತನಿಗೆ ರಸಾಯನಶಾಸ್ತ್ರದಲ್ಲಿಯೇ ಪ್ರೀತಿ ಹೆಚ್ಚು.

ಅದೇ 1799ರಲ್ಲಿ ಲಂಡನ್ನಿನಲ್ಲಿ ರಾಯಲ್ ಇನ್ಸ್ಟಿಟ್ಯೂಷನ್ ಎಂಬ ವಿಜ್ಞಾನಸಂಸ್ಥೆಯು ಸ್ಥಾಪಿತವಾಯಿತು. ಎರಡು ವರ್ಷಗಳ ತರುವಾಯ ಹಂಫ್ರಿ ಡೇವಿಯೆಂಬ ತರುಣನು ಅಲ್ಲಿಗೆ ಬಂದು ಉಪನ್ಯಾಸಗಳನ್ನು ಆರಂಭಿಸಿದನು. ಸ್ತ್ರೀಯರಿಗೂ ಅಲ್ಲಿ ಪ್ರವೇಶವಿತ್ತು. ಕಣ್ಣೆದುರಿಗೆ ಪ್ರಯೋಗಗಳನ್ನು ಮಾಡಿ ತೋರಿಸುತ್ತ, ಕಾವ್ಯಮಯವಾಗಿ ಮಾತನಾಡುತ್ತಿದ್ದ ಡೇವಿಯನ್ನು ಕೇಳಲು ಜನರು ಕಿಕ್ಕಿರಿದು ನೆರೆಯುತ್ತಿದ್ದರು. ಶ್ರೀಮತಿ ಮಾರ್ಸೆಟ್ಟಳೂ ಅಲ್ಲಿಗೆ ಹೋದಳು. ಮೊದಮೊದಲು ಆಕೆಗೆ ಏನೂ ನಿಲುಕಲಿಲ್ಲ. ಒಂದು ವಿಷಯವು ಮನಸ್ಸಿನಲ್ಲಿ ನೆಲೆಗೊಳ್ಳುವ ಮೊದಲೇ ಉಪನ್ಯಾಸಕನು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಿದ್ದನು. ಮನೆಗೆ ಬಂದು ಒಬ್ಬ ಸ್ನೇಹಿತರೊಡನೆ ಆ ವಿಷಯಗಳನ್ನೇ ಮಾತನಾಡಿ, ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ ಮೇಲೆ ಎಲ್ಲವೂ ಸ್ಪಷ್ಟವಾಗುತ್ತ ಬಂದಿತು. ತನಗೆ ದಾರಿ ತೋರಿದ ಈ ಉಪಾಯವು ಇತರರಿಗೂ ದಾರಿ ತೋರಬಹುದೆಂದು ಎಣಿಸಿ ಆಕೆ ಬರೆದ ಗ್ರಂಥವೇ 1806ರ ‘ರಸಾಯನಶಾಸ್ತ್ರದ ಸಂಭಾಷಣೆಗಳು’. ಸ್ತ್ರೀಯಾದ ತಾನು ಇಂಥ ಕಾರ್ಯಕ್ಕೆ ಕೈಹಾಕಬಹುದೇ ಎಂಬ ಅಳುಕನ್ನು ಆಕೆ ಪೀಠಿಕೆಯಲ್ಲಿಯೇ ತೋಡಿಕೊಂಡಿರುವಳು. ಮುಖಪತ್ರದಲ್ಲಿ ಗ್ರಂಥಕರ್ತ್ರಿಯ ಹೆಸರಿರಲಿಲ್ಲ. ಅನೇಕ ವರ್ಷಗಳವರೆಗೂ ಅದು ಹಾಗೆಯೇ ಅಚ್ಚಾಗುತ್ತಿತ್ತು.

ಗ್ರಂಥದಲ್ಲಿ ಮೂವರು ಪಾತ್ರಗಳು. ಶ್ರೀಮತಿ ಬಿ. ಎಂಬ ಉಪಾಧ್ಯಾಯಿನಿ, ಎಮಿಲಿ, ಕ್ಯಾರೊಲಿನ್ ಎಂಬ ಇಬ್ಬರು ಕನ್ಯೆಯರು. ಎಮಿಲಿಯು ಶಾಂತಳು, ಹೇಳಿದುದನ್ನು ತೂಗಿ ನೋಡುವವಳು. ಕ್ಯಾರೊಲಿನ್ನಳು ಚುರುಕಿನವಳು, ದುಡುಕಿನವಳು. ರಸಾಯನಶಾಸ್ತ್ರವೆಂದರೆ ಔಷಧದ ಅಂಗಡಿಯ ಸಂಗತಿಯಲ್ಲವೇ ಎಂಬಂಥ ತಾತ್ಸಾರದಿಂದಲೇ ಆಕೆ ಪಾಠಕ್ಕೆ ಕುಳಿತುಕೊಳ್ಳುತ್ತಾಳೆ. ಓದುವವನ ಮನಸ್ಸಿನಲ್ಲಿ ಏಳುವ ಆಕ್ಷೇಪವು ಆಕೆಯ ಬಾಯಿಂದ ಹೊರಡುತ್ತದೆ. ಆದುದರಿಂದ ಓದುಗನಿಗೆ ನಾಚಿಕೆಯಿಲ್ಲದೆ ಉತ್ತರವು ದೊರೆಯುತ್ತದೆ.

ಇನ್ನೊಂದು ಗುಣವೂ ಇದಕ್ಕಿತ್ತು. 1807ರಲ್ಲಿ ಡೇವಿಯು ವಿದ್ಯುತ್ತಿನ ಬಲದಿಂದ ಪೊಟ್ಯಾಸಿಯಂ, ಸೋಡಿಯಂ ಎಂಬ ಲೋಹಗಳನ್ನು ಬೇರ್ಪಡಿಸಿದನು. 1810ರಲ್ಲಿ ಕ್ಲೋರೀನು ಮೂಲವಸ್ತುವೆಂದು ಸಾಧಿಸಿದನು. ಹಿಂದಿನ ಮುದ್ರಣದಲ್ಲಿ ಹೇಳಿದುದು ಹುಸಿಯಾದರೆ ಮುಂದಿನ ಮುದ್ರಣದಲ್ಲಿ ಅದನ್ನು ತಿದ್ದುವುದಕ್ಕೆ ಶ್ರೀಮತಿ ಮಾರ್ಸೆಟ್ಟಳು ಹಿಂಜರಿಯಲಿಲ್ಲ. ಆಂಗ್ಲದೇಶದಲ್ಲಿ 1853ರೊಳಗಾಗಿ ಹದಿನಾರು ಮುದ್ರಣಗಳಾದುವು. ಅಮೆರಿಕದಲ್ಲಿ ಅನ್ಯರು ಅದಕ್ಕೆ ಟಿಪ್ಪಣಿಗಳನ್ನು ಸೇರಿಸಿ ಪಾಠಪುಸ್ತಕವಾಗಿ ಹರಡಿದರು.

ಈ ಗ್ರಂಥದ ನಿಜವಾದ ಫಲವು ಯಾರೂ ಎಣಿಸದಿದ್ದೆಡೆಯಲ್ಲಿ ಕಂಡಿತು. ಲಂಡನ್ನಿನ ಒಬ್ಬ ಕಮ್ಮಾರನ ಮಗನು, ಮೈಕೇಲ್ ಫ್ಯಾರಡೆಯೆಂಬವನು, 1805ರಿಂದ ಏಳು ವರ್ಷಗಳ ಕಾಲ ರೀಬೊ ಎಂಬಾತನ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿಯುತ್ತಿದ್ದನು. ಹಗಲು ಕಟ್ಟಿದ ಪುಸ್ತಕಗಳನ್ನು ಬಿಡುವಿನಲ್ಲಿ ಓದುವುದು ಆತನ ಅಭ್ಯಾಸ. ಹೀಗೆ ಕೈಗೆ ಬಂದ ಪುಸ್ತಕಗಳಲ್ಲಿ ಈ ಸಂಭಾಷಣೆಗಳೂ ಒಂದು. ತಾನಾಗ ಆಳವಾದ ಚಿಂತಕನೇನೂ ಆಗಿರಲಿಲ್ಲ, ಅರೇಬಿಯದ ಅದ್ಭುತಕಥೆಗಳನ್ನೂ ವಿಶ್ವಕೋಶವನ್ನೂ ಒಂದೇ ಸಮನಾಗಿ ನಂಬಬಲ್ಲ ಹುಡುಗನಾಗಿದ್ದೆನೆಂದು ಫ್ಯಾರಡೆಯು ಮುಪ್ಪಿನಲ್ಲಿ ಸ್ನೇಹಿತನಿಗೆ ಬರೆದಿರುವನು. ಆದರೆ ಪುಸ್ತಕದಲ್ಲಿ ಹೇಳಿದುದನ್ನು ಆತನು ಸುಮ್ಮನೆ ಒಪ್ಪಲಿಲ್ಲ. ತನ್ನ ಬಡತನಕ್ಕೆ ಎಟುಕಿದ ಚಿಕ್ಕಚಿಕ್ಕ ಪ್ರಯೋಗಗಳಿಂದ ಪರೀಕ್ಷಿಸಿ ನೋಡಿದನು. ಹೇಳಿದಂತೆಯೇ ನಡೆಯಿತು. ಆ ಕ್ಷಣದಲ್ಲಿ ಅಲೆದಾಡುತ್ತಿದ್ದ ಹಡಗಿಗೆ ಲಂಗರು ಸಿಕ್ಕಂತಾಯಿತು. 1812ರಲ್ಲಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡುದನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. 1813ರ ಮಾರ್ಚಿನಲ್ಲಿ ಆತನಿಗೆ ಅದೇ ಸಂಸ್ಥೆಯಲ್ಲಿ ಸಹಾಯಕನ ಕೆಲಸವಾಯಿತು. 1831ರಲ್ಲಿ, ಅಯಸ್ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ತು ಹರಿಯುವುದೆಂಬುದನ್ನು ಆತನು ಕಂಡುಹಿಡಿದನು. 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ತನ್ನು ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ ಅಲ್ಲಿ ತಿರುಗಿದ ಯಂತ್ರಗಳು ಈ ಸೂತ್ರದ ಮೇಲೆಯೇ ನಡೆದುವು. ಫ್ಯಾರಡೆಯು ತನ್ನ ಲೇಖನಗಳು ಪ್ರಕಟವಾದಾಗಲೆಲ್ಲ ಮೊದಲ ಗುರುವೆಂಬ ಭಾವದಿಂದ ಶ್ರೀಮತಿ ಮಾರ್ಸೆಟ್ಟಳಿಗೆ ಕಾಣಿಕೆಯಾಗಿ ಕಳುಹಿಸುತ್ತಿದ್ದನು. ಆಕೆಯೂ ಶಿಷ್ಯನ ಸಂಶೋಧನೆಗಳನ್ನು ತನ್ನ ಮುಂದಿನ ಮುದ್ರಣಗಳಲ್ಲಿ ಸೇರಿಸಿಕೊಂಡಳು. ಗುರುಶಿಷ್ಯರ ಋಣವು ಹೀಗೆ ಎರಡು ಕಡೆಗೂ ಹರಿದುದು ಅಪೂರ್ವವೇ ಸರಿ.

ಇನ್ನು ಅರ್ಥಶಾಸ್ತ್ರ. ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದಿಂದ 1797ರಿಂದ 1821ರವರೆಗೆ ಇಂಗ್ಲೆಂಡಿನ ಬ್ಯಾಂಕಿನ ನೋಟಿಗೆ ಚಿನ್ನ ಸಿಕ್ಕುತ್ತಿರಲಿಲ್ಲ, ಬೆಲೆಗಳು ಏರಿದ್ದುವು, ಇದರ ಕಾರಣವನ್ನು ಕುರಿತು ಎಲ್ಲೆಲ್ಲೂ ಚರ್ಚೆ. ಜೇನಳ ಸಹೋದರನು 1809ರಲ್ಲಿ ಆ ಬ್ಯಾಂಕಿನ ನಿರ್ದೇಶಕರಲ್ಲೊಬ್ಬನಾದನು. ಷೇರುವ್ಯಾಪಾರದಿಂದ ಐಶ್ವರ್ಯವಂತನಾಗಿ ಶಾಸ್ತ್ರಕಾರನಾದ ರಿಕಾರ್ಡೊ, ಜನಸಂಖ್ಯೆಯ ಸಿದ್ಧಾಂತದಿಂದ ಪ್ರಸಿದ್ಧನಾದ ಮಾಲ್ಥಸ್, ಇವರಿಬ್ಬರೂ ಆ ಮನೆತನದ ಸ್ನೇಹಿತರು. 1816ರಲ್ಲಿ ‘ಅರ್ಥಶಾಸ್ತ್ರದ ಸಂಭಾಷಣೆಗಳು’ ಹೊರಬಂದಿತು. ರಿಕಾರ್ಡೊವಿನ ಪ್ರಧಾನಗ್ರಂಥವು ಪ್ರಕಟವಾದುದು 1817ರಲ್ಲಿ. ಬಾಲಬೋಧೆಯು ಆಚಾರ್ಯನ ಭಾಷ್ಯಕ್ಕಿಂತ ಒಂದು ವರ್ಷ ಮುಂಚೆಯೇ ಹುಟ್ಟಿತು!

ಇಲ್ಲಿ ಎಮಿಲಿಯಿಲ್ಲ, ಕ್ಯಾರೊಲಿನ್ನಳೊಬ್ಬಳೇ ಪೂರ್ವಪಕ್ಷ. ಫ್ರೆಂಚ್ ಗ್ರಂಥಕಾರನಾದ ಫೆನೆಲನ್ ಬರೆದ ‘ಟೆಲಿಮೇಕಸ್’ ಕಥೆಯಲ್ಲಿ ಸಲೆಂಟಂ ಎಂಬ ನಗರದಿಂದ ಆಡಂಬರವನ್ನೆಲ್ಲ ಹೊರದೂಡಿದ ಸಂಗತಿಯನ್ನು ಆಕೆ ಮೆಚ್ಚಿಕೊಂಡಿರುತ್ತಾಳೆ. ಆ ಮೆಚ್ಚುಗೆಯನ್ನು ಶ್ರೀಮತಿ ಬಿ.ಯು ಅಲ್ಲಗಳೆಯುವುದರಿಂದಲೇ ಸಂಭಾಷಣೆಯ ಆರಂಭ. ಸುಂಕ, ನೋಟು, ಕಳ್ಳಸಾಗಣೆಗಳ ಈ ಶಾಸ್ತ್ರವೆಂದರೆ ತನಗೆ ಬೇಸರವೆಂದು ಹುಡುಗಿಯು ಹೇಳಿದರೆ, ಅರಿಯದೆಯೇ ಈಗ ನೀನು ಆಡುತ್ತಿರುವುದೂ ಆ ಶಾಸ್ತ್ರದ ಮಾತೇ ಎಂಬುದನ್ನು ಉಪಾಧ್ಯಾಯಿನಿಯು ಕಾಣಿಸಿಕೊಡುತ್ತಾಳೆ. ಫ್ರಾನ್ಸಿನ ಅರ್ಥಶಾಸ್ತ್ರಜ್ಞನಾದ ಸೇ ಎಂಬಾತನು ಈ ಶಾಸ್ತ್ರದಲ್ಲಿ ಈಕೆ ಪುರುಷರನ್ನೂ ಮೀರಿಸಿದಳೆಂದು ಹೊಗಳಿದನು. ಈ ಸಂಭಾಷಣೆಗಳನ್ನು ಓದಿದ ಹುಡುಗಿಯು ಹಿಂದಿನ ಮಂತ್ರಿಗಳಿಗೆ ಹಣಕಾಸಿನ ಪಾಠ ಹೇಳಬಲ್ಲಳೆಂದು 1825ರಲ್ಲಿ ಮೆಕಾಲೆಯು ಬರೆದನು. 1827ರಲ್ಲಿ ಇದನ್ನು ಓದಿದ ಹ್ಯಾರಿಯೆಟ್ ಮಾರ್ಟಿನೊ ಎಂಬ ತರುಣಿಯು 1832ರಿಂದ 1834ರವರೆಗೆ ಅರ್ಥಶಾಸ್ತ್ರವನ್ನು ಕಥೆಗಳಾಗಿ ಬರೆದು ಕೀರ್ತಿವಂತಳಾದಳು.

ಆದರೆ ಎರಡು ಗ್ರಂಥಗಳಿಗೂ ಒಂದು ಭೇದವುಂಟು. ವಿಚಾರಪರರು ಅದನ್ನು ಗಮನಿಸಬೇಕು. ರಸಾಯನಶಾಸ್ತ್ರದಲ್ಲಿ ಶಿಷ್ಯೆಯ ಪ್ರಶ್ನೆಗೆ ಮೂಸೆಯೇ ಉತ್ತರ ಕೊಡುತ್ತಿತ್ತು. ಉಪಾಧ್ಯಾಯಿನಿಯು ತಪ್ಪಿದರೆ ಪ್ರಕೃತಿಯೇ ತಿದ್ದುತ್ತಿತ್ತು. ಅರ್ಥಶಾಸ್ತ್ರದಲ್ಲಿ ಉತ್ತರ ಕೊಟ್ಟುದು ಅಂದಿನ ಆಚಾರ್ಯರ ಮತ. ಬಡವರ ಕಷ್ಟವನ್ನು ಕುರಿತು ಕ್ಯಾರೊಲಿನ್ನಳು ಮರುಗಿದಾಗ, ಕೂಲಿಯು ದೇಶದ ಬಂಡವಾಳಕ್ಕೂ ಕೂಲಿಗಾರರ ಸಂಖ್ಯೆಗೂ ಇರುವ ಪ್ರಮಾಣವನ್ನು ಅವಲಂಬಿಸಿದೆಯೆಂಬ ಸಿದ್ಧಾಂತವನ್ನು ಶ್ರೀಮತಿ ಬಿ.ಯು ಮುಂದಿಡುತ್ತಾಳೆ, ಹುಡುಗಿಯು ಕೊನೆಗೆ ಒಪ್ಪುತ್ತಾಳೆ. ಆ ಸಿದ್ಧಾಂತವನ್ನು ಬಹುಕಾಲ ಎತ್ತಿಹಿಡಿದಿದ್ದ ಜಾನ್ ಸ್ಟುಅರ್ಟ್ ಮಿಲ್ಲನೇ 1869ರಲ್ಲಿ ಅದನ್ನು ಕೈಬಿಟ್ಟನು. ಹುಡುಗಿಯ ಮರುಕವು ಅಜ್ಞಾನವೆಂದು ತೋರಿದ್ದಿತು. ಅದರೊಳಗೊಂದು ಯುಕ್ತವಾದ ಆಕ್ಷೇಪವೂ ಅಡಗಿದ್ದಿತು.

ಇಂಥ ಮತಗಳು ಪುಸ್ತಕದಲ್ಲಿಯೇ ಉಳಿಯುವಂಥವಲ್ಲ. ಮಾಲ್ಥಸನು 1805ರಿಂದ 1834ರಲ್ಲಿ ತೀರಿಕೊಳ್ಳುವವರೆಗೂ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದನು; ಹಿಂದೂದೇಶವನ್ನಾಳಲು ಬರತಕ್ಕ ತರುಣರು ಅಲ್ಲಿ ಅರ್ಥಶಾಸ್ತ್ರವನ್ನು ಕಲಿತರು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರವು ಕೈಹಾಕಬಾರದೆಂಬುದು ಆಡಮ್ ಸ್ಮಿತ್ತನಿಂದ ಬಂದ ಸೂತ್ರ. 1876-78ರ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಹಿಂದೂದೇಶದ ಸರ್ಕಾರವು ಈ ಸೂತ್ರವನ್ನೇ ಬಿಗಿಯಾಗಿ ಹಿಡಿಯಿತು. ಆಗ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸೀಮೆಯಲ್ಲಿ 1871ರ ಖಾನೇಷುಮಾರಿಯಂತೆ 50 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯು 1881ಕ್ಕೆ 42 ಲಕ್ಷಕ್ಕಿಳಿದಿತ್ತು. ಮಳೆ ಹೋದುದು ದೈವದಿಂದ. ಆದರೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದವನಿಗೆ ವ್ಯಾಪಾರವು ಅನ್ನವನ್ನು ತಂದುಕೊಡುವುದೆಂತು ಎಂದು ಕೇಳುವವರ ಮಾತು ಕಿವಿಗೆ ಬೀಳದೆಹೋದುದು ಮನುಷ್ಯರಿಂದ. 1880ರ ಕ್ಷಾಮ ಕಮಿಷನ್ನೂ, 1883ರ ಕ್ಷಾಮ ನಿಬಂಧನೆಗಳೂ ಆಮೇಲೆ ಬಂದುವು. ಮೂಸೆಯಲ್ಲಿ ತಪ್ಪಿದರೆ ಕೆಡುವುದು ಒಂದು ಚಿಟಿಕೆ ಪುಡಿ. ಇಲ್ಲಿ ತಪ್ಪಿದುದಕ್ಕೆ ಊರೂರುಗಳೇ ಬರಿದಾದುವು.

ಈ ದೋಷವನ್ನು ಶ್ರೀಮತಿ ಮಾರ್ಸೆಟ್ಟಳ ತಲೆಗೆ ಕಟ್ಟುವುದು ನ್ಯಾಯವಲ್ಲ. ತನ್ನ ಕಾಲದ ಪಂಡಿತರು ಹೇಳಿದುದನ್ನು ಆಕೆ ಪ್ರಾಮಾಣಿಕವಾಗಿ ತಿಳಿಯಾಗಿಸಿದಳು. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಹಾಕಬೇಕಾದ ಪ್ರಶ್ನೆಗಳನ್ನೂ ಅದೇ ಪುಟದಲ್ಲಿ ಬರೆದಿಟ್ಟಳು. ಆಕೆ 1858ರ ಜೂನ್ 28ರಂದು ತೀರಿಕೊಂಡಳು. ಲಂಡನ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿಯ ಬಾಗಿಲನ್ನು ತೆರೆದುದು 1878ರಲ್ಲಿ, ಆಕ್ಸ್‌ಫರ್ಡು 1920ರಲ್ಲಿ, ಕೇಂಬ್ರಿಜ್ಜು 1948ರಲ್ಲಿ. ಆ ಬಾಗಿಲುಗಳ ಹೊರಗೆ ನಿಂತೇ ಆಕೆ ಒಳಗಿನವರ ಶಾಸ್ತ್ರವನ್ನು ಲೋಕಕ್ಕೆ ಹಂಚಿದಳು. ಶ್ರೀಮತಿ ಬಿ.ಯ ಉತ್ತರಗಳಲ್ಲಿ ಅನೇಕವನ್ನು ಕಾಲವು ತಿದ್ದಿತು. ಕ್ಯಾರೊಲಿನ್ನಳ ಪ್ರಶ್ನೆಗಳಲ್ಲಿ ತಿದ್ದತಕ್ಕುದು ಇಂದಿಗೂ ಅಷ್ಟಾಗಿ ಇಲ್ಲ.