ಒಂದು ಮೊಟ್ಟೆಯ ಕಥೆ
ಮಂಗಳೂರಿನ ಹಿನ್ನೆಲೆಯ ಕನ್ನಡ ಪ್ರಣಯ ಹಾಸ್ಯಚಿತ್ರ. 2017ರ ಜುಲೈನಲ್ಲಿ ತೆರೆಕಂಡಿತು. ರಚನೆ, ನಿರ್ದೇಶನ, ನಾಯಕನ ಪಾತ್ರ ಮೂರೂ ರಾಜ್ ಬಿ. ಶೆಟ್ಟಿ ಅವರದು, ನಿರ್ದೇಶಕರಾಗಿ ಇದು ಅವರ ಮೊದಲ ಚಿತ್ರ. ನಿರ್ಮಾಪಕರಲ್ಲಿ ‘ಲೂಸಿಯಾ’ದ ಪವನ್ ಕುಮಾರ್ ಒಬ್ಬರು. ಸಂಗೀತ ಮಿಧುನ್ ಮುಕುಂದನ್ ಅವರದು.

ನಾಯಕ ಜನಾರ್ದನ ಕನ್ನಡ ಉಪನ್ಯಾಸಕ, ಡಾ. ರಾಜ್‌ಕುಮಾರ್ ಅಭಿಮಾನಿ. ವಯಸ್ಸು 28, ತಲೆ ಬೋಳು, ವಾಸ ಅಪ್ಪ ಅಮ್ಮನ ಜೊತೆ. ಸಂಬಳ ತರುವ ಮಗನಾದರೂ ಅವನ ಮದುವೆ ಮನೆಮಂದಿಗೆಲ್ಲ ಸೇರಿದ ವಿಚಾರ: ಜಾತಕ ತೋರಿಸುವುದು, ಹೆಣ್ಣು ನೋಡಲು ಹೊರಡುವುದು, ಅತ್ತಲಿಂದ ‘ತಿಳಿಸುತ್ತೇವೆ’ ಎಂದರೆ ಮುಖ ಸಪ್ಪೆ ಮಾಡಿಕೊಂಡು ಮರಳುವುದು. ಬೇಗ ಮದುವೆಯಾಗದಿದ್ದರೆ ಸನ್ಯಾಸವೇ ಗತಿ ಎಂಬ ಜ್ಯೋತಿಷಿಯ ಮಾತು ಗಾಬರಿಯನ್ನು ಇನ್ನಷ್ಟು ಏರಿಸುತ್ತದೆ. ತಾನು ಬೋಳನಾದರೂ ಹುಡುಗಿ ಮಾತ್ರ ಸುಂದರಿಯೇ ಆಗಬೇಕೆಂಬ ಅವನ ಹಟವನ್ನೂ ಕಥೆ ಸುಮ್ಮನೆ ಬಿಡುವುದಿಲ್ಲ. ದಪ್ಪ ಮೈಯ ಸರಳಾಳ (ಶೈಲಶ್ರೀ) ಪರಿಚಯವಾದ ಮೇಲೆ ನಗು ಅವನ ಕಡೆಗೇ ತಿರುಗುತ್ತದೆ. ಚಿತ್ರದ ಉತ್ತಮ ಭಾಗ ಅದೇ. ಕಾಲೇಜಿನ ಜವಾನ ಶ್ರೀನಿವಾಸನಾಗಿ ಪ್ರಕಾಶ್ ತುಮಿನಾಡು ಹಲವು ದೃಶ್ಯಗಳನ್ನು ನಾಯಕನಿಂದ ಕಸಿದುಕೊಳ್ಳುತ್ತಾರೆ.

ಹಿಂದಿಯಲ್ಲಿ ‘ಉಜ್ಡಾ ಚಮನ್’ (2019) ಎಂದು ಮರುನಿರ್ಮಾಣವಾಯಿತು.