ಪೇಟಿ ಬಿಟ್ಟು ಒಳಗ ಬರ್ರಿ

ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಆಗಿನ ನಿಯಮದಂತೆ ಅಂದೋಲಾ, ಜೇವರ್ಗಿ ಕಡೆಯ ಭಜನಾ ಮೇಳ ಅಲ್ಲಿ ಹಾಡಬೇಕಾದರೆ ಪೇಟಿಯನ್ನು ಮನೆಯಲ್ಲೇ ಬಿಟ್ಟು ಬರಬೇಕಿತ್ತು. ನಮ್ಮ ರಾಗಗಳ ಗಮಕಕ್ಕೆ ಒಗ್ಗುವುದಿಲ್ಲವೆಂದು ಈ ಹಾರ್ಮೋನಿಯಂ ಪೇಟಿಯನ್ನು 1940ರಲ್ಲೇ ದೇಶದ ಬಾನುಲಿಯಿಂದ ಹೊರಗಿಟ್ಟಿದ್ದರು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಬರ ತತ್ವಪದಗಳನ್ನು ರಾತ್ರಿಯಿಡೀ ಹಾಡುವ ಸೀಮೆಗೆ ಇದೆಂಥ ಕಟ್ಟಳೆ ಎನಿಸದೆ ಇರದು.

ಈ ಭಾಗ ಮೊದಲು ಕೇಳಿದ್ದು ಹೈದರಾಬಾದಿನ ದನಿ. ಜೇವರ್ಗಿ ಕಡೆಯ ಹಳ್ಳಿಗಳೆಲ್ಲ ಅಂದೋಲಾ ತಾಲೂಕು ಎನಿಸಿಕೊಂಡಿದ್ದ ಕಾಲವದು. 1935ರಲ್ಲಿ ನಿಜಾಮ ಸರ್ಕಾರದ ಕೈಸೇರಿದ ಡೆಕ್ಕನ್ ರೇಡಿಯೊದಲ್ಲಿ ಉರ್ದುವೇ ಯಜಮಾನ, ಕನ್ನಡಕ್ಕೆ ತುಸು ಹೊತ್ತು. ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಯಂತ್ರವಿಟ್ಟು ಬಾನುಲಿ ಶುರುಮಾಡಿದರು. ಧಾರವಾಡ ಕೇಂದ್ರ ಬಂದದ್ದು 1950ರಲ್ಲಿ.

ಹಾಡಿನ ಆಯ್ಕೆ ದೊಡ್ಡ ಜಗಳವಾದದ್ದು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ. 1952ರಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿತ್ತು. ಕೇಳುಗರು ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. ಅಲ್ಲಿ ಅಮೀನ್ ಸಯಾನಿಯವರ ಗೀತಮಾಲಾ ರೆಕಾರ್ಡುಗಳ ಮಾರಾಟವನ್ನೂ ಕೇಳುಗರ ಸಂಘಗಳ ಮತವನ್ನೂ ನೋಡಿ ಹಾಡುಗಳಿಗೆ ಮೆಟ್ಟಿಲು ಹಾಕಿಕೊಡುತ್ತಿತ್ತು. ಸೋತ ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಿತು.

ಇತ್ತ ಆಕಾಶವಾಣಿಯೊಳಗೆ ಕಲಾವಿದರಿಗೆ ಧ್ವನಿ ಪರೀಕ್ಷೆ, ಪಾಸಾದವರಿಗೆ ಬಿ, ಬಿ-ಹೈ, ಎ ಎಂಬ ಶ್ರೇಣಿ. ಸುಗಮ ಸಂಗೀತದಲ್ಲಿ ಹೊಸ ಕವಿತೆಗೆ ರಾಗ ಹಾಕಿಸಿ ಪ್ರಸಾರ ಮಾಡುವ ಪರಿಪಾಠ ಬೆಳೆಯಿತು. ಬೆಂಗಳೂರು ಕೇಂದ್ರದ ‘ನವಸುಮ’ ಅಂಥದ್ದು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬರುವ ಹೊತ್ತಿಗೆ ಭಾವಗೀತೆಗೆ ಕಿವಿಗಳನ್ನು ಹದ ಮಾಡಿಟ್ಟದ್ದು ರೇಡಿಯೊನೇ.

ಇನ್ನು ಕೋರಿಕೆಯ ಕಾರ್ಯಕ್ರಮ. ಪೋಸ್ಟ್ ಕಾರ್ಡಿನ ತುಂಬ ಮನೆಮಂದಿಯ ಹೆಸರು, ಕೊನೆಗೊಂದು ಸಾಲಿನಲ್ಲಿ ಹಾಡು. ಪ್ರಜಾಪ್ರಭುತ್ವವೆಂದರೆ ಇದೇ ಎಂದು ನಾವೆಲ್ಲ ನಂಬಿದ್ದೆವು. ಆದರೆ ಕೇಳದ ಹಾಡನ್ನು ಯಾರೂ ಕೋರುವುದಿಲ್ಲವಲ್ಲ! ಕೋರಿದರೂ ಕೇಂದ್ರದ ಕಪಾಟಿನಲ್ಲಿ ಆ ಹಾಡಿನ ತಟ್ಟೆ ಇರಬೇಕು. ಕಾರ್ಡು ಹಳೆಯ ಮೆಚ್ಚುಗೆಯನ್ನು ಗಟ್ಟಿ ಮಾಡಿತೇ ಹೊರತು ಹೊಸದಕ್ಕೆ ಬಾಗಿಲು ತೆರೆಯಲಿಲ್ಲ.

ಖಾಸಗಿ ಎಫ್‌ಎಂನದೂ ಅದೇ ಕತೆ, ಲೆಕ್ಕ ಮಾತ್ರ ಚುರುಕು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಯಿತು. ಮುಂದೆ ಕಲಬುರಗಿಗೂ ಖಾಸಗಿ ಎಫ್‌ಎಂ ಬಂತು. ಈ ಬಗೆಯ ಕೇಂದ್ರಗಳಲ್ಲಿ ಹಾಡು ಆರಿಸುವವನು ಆರ್‌ಜೆ ಅಲ್ಲ. ಕೇಳುಗರಿಗೆ ಫೋನ್ ಮಾಡಿ ಹಾಡಿನ ತುಣುಕು ಕೇಳಿಸುತ್ತಾರೆ: ಗೊತ್ತೇ, ಇಷ್ಟವೇ, ಬೇಸರ ಬಂದಿದೆಯೇ? ಉತ್ತರ ನೋಡಿ ಹಾಡುಗಳನ್ನು ವರ್ಗ ಮಾಡಿದ ಮೇಲೆ, ಯಾವುದು ದಿನಕ್ಕೆಷ್ಟು ಸಲ, ಯಾವುದರ ಹಿಂದೆ ಯಾವುದು ಎಂಬುದನ್ನು ಗಣಕಯಂತ್ರ ಜೋಡಿಸುತ್ತದೆ. ಅಮೆರಿಕದಲ್ಲಿ 1979ರ ಸುಮಾರಿಗೆ ಹುಟ್ಟಿದ ‘ಸೆಲೆಕ್ಟರ್’ ಇಂಥ ತಂತ್ರಾಂಶಗಳ ಹಿರಿಯ. ಇಲ್ಲಿ ಗೆಲ್ಲುವುದು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಮೊದಲೇ ಕಿವಿಗೆ ಬಿದ್ದ ದೊಡ್ಡ ಚಿತ್ರದ ಹಾಡೇ. ಕೇಳುಗ ರಾಜ ಎನ್ನುತ್ತಾರೆ. ರಾಜನ ಮುಂದೆ ಬಡಿಸುವುದು ನಿನ್ನೆ ಉಂಡದ್ದನ್ನೇ.

ಹೀಗೆ ನೋಡಿದರೆ, ಪೇಟಿಗೆ ಬಾಗಿಲು ಹಾಕಿದ್ದ ಆಕಾಶವಾಣಿಯ ಅಧಿಕಾರಿಯ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಯಾರೂ ಕೋರದ, ಯಾವ ಸಮೀಕ್ಷೆಯೂ ಕೇಳದ ಏಕತಾರಿಯವನನ್ನು ಜಾನಪದದ ಹೊತ್ತಿಗೆ ಕರೆಸಿ ಹಾಡಿಸಿದವನೂ ಅವನೇ. ಅಂದೋಲಾದಲ್ಲಿ ಹಳೆಯದಾದ ತತ್ವಪದ ಬೀದರಿನ ಕೇಳುಗನಿಗೆ ಅಂದಿನ ಹೊಸ ಹಾಡು. ಶರಣಬಸವೇಶ್ವರ ಸಂಸ್ಥೆಯ ಸಮುದಾಯ ರೇಡಿಯೊ ‘ಅಂತರವಾಣಿ’ 90.8ರಂಥವು ಇಂದು ಈ ಕೆಲಸವನ್ನು ಚಿಕ್ಕ ವ್ಯಾಪ್ತಿಯಲ್ಲಿ ಮಾಡಬಲ್ಲವು.

ಆದರೆ ತತ್ವಪದಕ್ಕೆ ಬಾನುಲಿಯಲ್ಲಿ ತೊಡಕು ಹೊತ್ತಿನದು. ಮೇಳದಲ್ಲಿ ಒಂದು ಪದ ಹತ್ತು ಹದಿನೈದು ನಿಮಿಷ ಬೆಳೆಯುತ್ತದೆ. ನಡುವೆ ಹೊಳ್ಳಿ ಹೊಳ್ಳಿ ಪಲ್ಲವಿ. ಪ್ರಸಾರಕ್ಕೆ ಐದು ನಿಮಿಷ ಎಂದರೆ ಕತ್ತರಿ ಬೀಳುವುದು ಕೊನೆಯ ನುಡಿಗೆ. ಬರೆದವನ ಅಂಕಿತ ಇರುವುದು ಅಲ್ಲೇ.